ಆರು ಅಕ್ಷರದ ಜಾಗದಲ್ಲಿ ಧಾರವಾಡ

ನಮ್ಮ ಅಬ್ಬಾ ಸವಣೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿ ಅಂದರೆ ಒಂದೇ ಬಾಗಿಲಿನ ಖೋಲಿ. ಒಳಗೆ ಮರದ ಮೇಜು, ಸದಾ ಕಾದಿರುವ ಸೋಲ್ಡರಿಂಗ್ ಕಡ್ಡಿ, ರಾಳದ ವಾಸನೆ, ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡು ಕುಳಿತ ರೇಡಿಯೊಗಳು. ಮೇಜಿನ ಖಾನೆಯಲ್ಲಿ ಅಂಚೆ ಕಚೇರಿಯ ಮುದ್ರೆ ಬಿದ್ದ ಹಳೆಯ ಲೈಸೆನ್ಸ್ ಪುಸ್ತಕಗಳಿದ್ದವು. ಮನೆಯಲ್ಲಿ ಹಾಡು ಕೇಳುವ ರೇಡಿಯೊಗೂ ಒಂದು ಕಾಲಕ್ಕೆ ಸರಕಾರಕ್ಕೆ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾದ ಮೇಲೂ ಅಬ್ಬಾ ಆ ಪುಸ್ತಕಗಳನ್ನು ಎಸೆಯಲಿಲ್ಲ. ಮುದ್ರೆ ಇರುವ ಕಾಗದವನ್ನು ಎಸೆಯಬಾರದು ಎಂಬುದು ಅವರ ನಂಬಿಕೆ.

ಮಾರುವುದಕ್ಕೂ ಅಲ್ಲದ, ರಿಪೇರಿಗೂ ಬಾರದ, ಅವರದೇ ಆದ ಒಂದು ರೇಡಿಯೊ ಆ ಮೇಜಿನ ಮೇಲಿತ್ತು. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ದೂರದೂರುಗಳ ಹೆಸರು ಅವರಿಗೆ ಬೇಕಿರಲಿಲ್ಲ. ಗಾಜಿನ ಕೆಳಗೆ ಕಾಗದದ ಪಟ್ಟಿ ಅಂಟಿಸಿ, ಮುಳ್ಳು ಎಲ್ಲಿ ನಿಂತರೆ ಯಾವ ಸ್ಟೇಶನ್ ಎಂದು ಉರ್ದುವಿನಲ್ಲಿ ಬರೆದಿದ್ದರು. ಆದರೆ ಹಿರೇಕೆರೂರು, ಹಾನಗಲ್ಲ ಕಡೆಯಿಂದ ಬರುತ್ತಿದ್ದ ರೈತರಿಗೆ ಉರ್ದು ಓದಲು ಬರುತ್ತಿರಲಿಲ್ಲ. ನಾನು ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ವರ್ಷ ಅಬ್ಬಾ ನನ್ನನ್ನು ಕೂರಿಸಿಕೊಂಡು, ಉರ್ದು ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ, "ಈಗ ನಿನ್ನ ಕನ್ನಡದಾಗ ಬರಿ" ಅಂದರು. ನಾನು ಧಾರವಾಡ, ಬೆಂಗಳೂರು, ಸಿಲೋನ್, ದಿಲ್ಲಿ ಉರ್ದು ಎಂದು ಬರೆದೆ. ನನ್ನನ್ನು ಕಥೆಗಾರ ಎಂದು ನಾಲ್ಕು ಜನ ಕರೆಯುವ ಎಷ್ಟೋ ವರ್ಷ ಮೊದಲು, ನಾಲ್ಕು ತಾಲೂಕಿನ ಜನ ಓದಿದ ನನ್ನ ಮೊದಲ ಕನ್ನಡ ಬರಹ ಅದು.

ಆ ಹುಚ್ಚು ನನ್ನನ್ನೂ ಬಿಡಲಿಲ್ಲ. 2011ರಲ್ಲಿ ಕೇಂದ್ರ ಸರಕಾರದ ಪರೀಕ್ಷೆ ಬರೆದು ಹ್ಯಾಮ್ ರೇಡಿಯೊ ಪರವಾನಗಿ ಪಡೆದೆ. 'ವಿಯು3' ಎಂದು ಆರಂಭವಾಗುವ ಒಂದು ಕರೆಹೆಸರು ಸಿಕ್ಕಿತು. ಅದರಿಂದ ನಾನು ದೊಡ್ಡ ಸಾಧನೆಯನ್ನೇನೂ ಮಾಡಲಿಲ್ಲ. ಹಾನಗಲ್ಲಿನಲ್ಲಿ ಮಾಸ್ತರಿಕೆ ಮಾಡಿಕೊಂಡು, ಬಿಡುವಿನಲ್ಲಿ ಕಥೆ ಬರೆದುಕೊಂಡು ಇದ್ದೆ. ಆದರೆ ಪರವಾನಗಿಯ ಕಾಗದವನ್ನು ಮಾತ್ರ ಅಬ್ಬಾನ ಲೈಸೆನ್ಸ್ ಪುಸ್ತಕಗಳ ಹಾಗೆಯೇ ಜೋಪಾನ ಮಾಡಿದೆ.

2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿತು. ಹಾನಗಲ್ಲ, ಸವಣೂರು ತಾಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಎರಡು ದಿನ ಅಬ್ಬಾನ ಫೋನು ಹತ್ತಲಿಲ್ಲ. ಮೂರನೆಯ ದಿನ ಸಿಕ್ಕಾಗ ನಾನು ಗಾಬರಿಯಿಂದ ಏನೇನೋ ಕೇಳಿದೆ. ಅವರು ತಣ್ಣಗೆ, ಯಾವ ರಸ್ತೆ ಬಂದಾಗಿದೆ, ಯಾವ ಸೇತುವೆ ಮುಳುಗಿದೆ, ಯಾವ ಜಲಾಶಯದಿಂದ ನೀರು ಬಿಟ್ಟಿದ್ದಾರೆ ಎಂದು ನನಗೇ ವರದಿ ಒಪ್ಪಿಸಿದರು. ಕರೆಂಟಿಲ್ಲದ ಮನೆಯಲ್ಲಿ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಅವರ ಜೊತೆಗಿತ್ತು. "ಧಾರವಾಡ ಐತಲ್ಲೋ, ನೀ ಯಾಕ ಹೆದರತೀ?" ಅಂದರು.

ಅದಾಗಿ ಎರಡು ವರ್ಷಕ್ಕೆ ಅಬ್ಬಾನ ಕೈ ನಡುಗಲು ಶುರುವಾಯಿತು. ಕಣ್ಣೂ ಮಂಜಾಯಿತು. ಇಡೀ ಆಯುಷ್ಯ ಕೂದಲೆಳೆಯಷ್ಟು ಮುಳ್ಳು ಸರಿಸಿ ಸ್ಟೇಶನ್ ಹಿಡಿದ ಬೆರಳು ಈಗ ಧಾರವಾಡವನ್ನು ದಾಟಿ ಎಲ್ಲೋ ಹೋಗುತ್ತಿತ್ತು. ತಿರುಗಿ ಬರುವಾಗ ಈ ಕಡೆ ದಾಟುತ್ತಿತ್ತು. ಒಂದು ಸಂಜೆ ಮಗ್ರಿಬ್ ನಮಾಜ್ ಮುಗಿಸಿ ಬಂದು ಅರ್ಧ ತಾಸು ಆ ತಿರುಗಣಿಯ ಜೊತೆ ಹೆಣಗಿ, ಕೊನೆಗೆ ಟ್ರಾನ್ಸಿಸ್ಟರನ್ನು ದಿಂಬಿನ ಮೇಲೆ ಮಗುವಿನಂತೆ ಮಲಗಿಸಿ ಸುಮ್ಮನಾದರು. ಯಾರನ್ನೂ ಕರೆಯಲಿಲ್ಲ. ಕರೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ದಮ್ಮಾಮ್‌ನಲ್ಲಿರುವ ನನ್ನ ಅಕ್ಕನ ಮಗ ಇದಕ್ಕೆ ಉಪಾಯ ಹೇಳಿದ. ಸ್ಕ್ಯಾನರ್ ಎಂಬ ರಿಸೀವರ್ ಬರುತ್ತದೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೀಡಿಯಂ ವೇವ್‌ನಿಂದ ಹಿಡಿದು ಎಲ್ಲ ಅಲೆಗಳೂ ಸಿಗುತ್ತವೆ, ಸಾವಿರಕ್ಕೂ ಹೆಚ್ಚು ಸ್ಟೇಶನ್ನುಗಳನ್ನು ನೆನಪಿಟ್ಟುಕೊಳ್ಳುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು ಎಂದ. 2022ರಲ್ಲಿ ರಜೆಗೆ ಬಂದಾಗ ತಂದೂ ಕೊಟ್ಟ. ಕಂಪನಿಯ ಹೆಸರು ಇಲ್ಲಿ ಬೇಡ. ಪೆಟ್ಟಿಗೆ ಒಳ್ಳೆಯದೇ. ನನ್ನ ತಕರಾರು ಇರುವುದು ಅದರ ತಲೆಯೊಳಗೆ ಹೆಸರು ತುಂಬಿಸುವ ಸಾಫ್ಟ್‌ವೇರಿನ ಬಗ್ಗೆ.

ಮೂರು ಭಾನುವಾರ ಸವಣೂರಿಗೆ ಹೋಗಿ, ಅಬ್ಬಾ ಹೇಳಿದಂತೆ ಹದಿನಾಲ್ಕು ಸ್ಟೇಶನ್ನುಗಳನ್ನು ಗುಂಡಿ ಒತ್ತಿ ಒತ್ತಿಯೇ ತುಂಬಿಸಿದ್ದೆ. ಆದರೆ ಅವುಗಳ ಸಾಲು ಸರಿಪಡಿಸಲು, ಹೆಸರು ಕೊಡಲು, ಅಬ್ಬಾನ ಬೆರಳು ಜಾರಿ ಖಾಲಿ ಸಾವಿರದಲ್ಲಿ ಕಳೆದುಹೋಗದಂತೆ ಬೇಲಿ ಹಾಕಲು ಕಂಪ್ಯೂಟರೇ ಬೇಕು. ಅದಕ್ಕೊಂದು ವಿಶೇಷ ಕೇಬಲ್. ಅದರ ಜೊತೆ ಒಂದು ಸಿ.ಡಿ. ನನ್ನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಶಿಗ್ಗಾವಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಆ ಸಿ.ಡಿ.ಯನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಮನೆಗೆ ಬಂದು ಕೇಬಲ್ ಚುಚ್ಚಿದರೆ ಪರದೆಯ ಮೇಲೆ ಹಳದಿ ತ್ರಿಕೋನ: ಈ ಸಾಧನ ಆರಂಭವಾಗದು, ಕೋಡ್ 10.

ಈ ಕೋಡಿನ ಹಿಂದೆ ಒಂದು ಕಥೆ ಇದೆ. ಇಂಥ ಕೇಬಲ್ಲಿನ ಹೊಟ್ಟೆಯಲ್ಲಿ ಒಂದು ಸಣ್ಣ ಚಿಪ್ ಇರುತ್ತದೆ. ಕಂಪ್ಯೂಟರಿನ ಭಾಷೆಯನ್ನು ರೇಡಿಯೊಗೆ, ರೇಡಿಯೊದ ಭಾಷೆಯನ್ನು ಕಂಪ್ಯೂಟರಿಗೆ ಹೇಳುವ ದುಭಾಷಿ ಅದು. ಹೆಸರಾಂತ ಕಂಪನಿಗಳ ಚಿಪ್ಪನ್ನು ನಕಲು ಮಾಡಿ ಅಗ್ಗದ ಕೇಬಲ್ಲುಗಳಲ್ಲಿ ಹಾಕಿ ಮಾರುವವರು ಬಹಳ. ಅದನ್ನು ತಡೆಯಲು 2014ರಲ್ಲಿ ಎಫ್‌ಟಿಡಿಐ ಎಂಬ ಚಿಪ್ ಕಂಪನಿಯ ಹೊಸ ಡ್ರೈವರ್, ನಕಲಿ ಚಿಪ್ಪು ಸಿಕ್ಕರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೆಲಸಕ್ಕೆ ಬಾರದಂತೆ ಮಾಡತೊಡಗಿತು. ವಿಂಡೋಸ್ ಅಪ್‌ಡೇಟಿನ ಮೂಲಕ ಅದು ಜಗತ್ತಿನ ತುಂಬ ಹರಡಿತು, ಗಲಾಟೆಯಾದ ಮೇಲೆ ಹಿಂತೆಗೆದುಕೊಂಡರು. ನಕಲು ಮಾಡಿದವನು ಹಣ ಎಣಿಸಿಕೊಂಡು ಹೋಗಿಯಾಗಿತ್ತು. ಶಿಕ್ಷೆ ಆದದ್ದು ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯದೆ ಕೊಂಡವನಿಗೆ. ನನ್ನ ಕೇಬಲ್ಲಿನೊಳಗೆ ಯಾರ ಚಿಪ್ ಇತ್ತೋ ಗೊತ್ತಿಲ್ಲ. ಅದರ ಗುರುತುಪತ್ರವನ್ನು ನನ್ನ ಹೊಸ ಲ್ಯಾಪ್‌ಟಾಪ್ ಒಪ್ಪಲಿಲ್ಲ, ಅಷ್ಟೆ.

ಗುರುತುಪತ್ರದ ಮಾತು ಬಂದದ್ದರಿಂದ ಇನ್ನೊಂದು ಪ್ರಸಂಗ ಹೇಳಬೇಕು. ಕೇಬಲ್ ಬದಲಿಸಿಕೊಳ್ಳಲು ಮತ್ತೆ ಶಿಗ್ಗಾವಿಗೆ ಹೋಗಿ, ಬರಿಗೈಯಲ್ಲಿ ಬಸ್ಸಿನಲ್ಲಿ ಮರಳುತ್ತಿದ್ದೆ. ಚೀಲದಿಂದ ರಿಸೀವರಿನ ಆಂಟೆನಾ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಕುಳಿತ ಹಿರಿಯರು ಅದನ್ನೇ ನೋಡುತ್ತಿದ್ದರು. "ಏನ್ರೀ ಮಾಸ್ತರ ಅದು, ವಾಕಿಟಾಕಿ ಏನು?" ಅಂದರು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ನನ್ನ ಗಡ್ಡ, ನನ್ನ ಟೋಪಿ, ನನ್ನ ಚೀಲ, ಅದರಲ್ಲೊಂದು ಆಂಟೆನಾ. ನಾನು ಉತ್ತರ ಕೊಡುವ ಮೊದಲೇ ನನ್ನ ಕೈ ಅಂಗಿಯ ಕಿಸೆಗೆ ಹೋಗಿ ಪರವಾನಗಿಯ ನಕಲನ್ನು ಹೊರತೆಗೆದಿತ್ತು. ಆ ಹಿರಿಯರು ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಧಾರವಾಡ ಹಿಡೀತದೇನ್ರಿ? ರೈತರ ಕಾರ್ಯಕ್ರಮ ಕೇಳ್ದ ಭಾಳ ದಿನ ಆತು" ಅಂದರು.

ಕಾಗದವನ್ನು ಮಡಚಿ ಒಳಗಿಡುವಾಗ ನನಗೆ ನಾಚಿಕೆಯಾಯಿತು. ಅವರು ಕೇಳಿದ್ದು ಏನು ಎಂದು, ನಾನು ತೋರಿಸಿದ್ದು ಯಾರು ಎಂದು. ಪರವಾನಗಿ ಬೇಕು ಎಂಬುದು ಕಾನೂನು. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಬಂದದ್ದು, 2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆ ಮಾಡಿದ ಮೇಲೂ ಆ ಶಿಸ್ತು ಹೋಗಿಲ್ಲ. ಅದು ಸರಿಯೇ. ಆದರೆ ಯಾರೂ ಕೇಳದೆಯೇ ತೋರಿಸಬೇಕೆಂದು ನನ್ನ ಕೈಗೆ ಕಲಿಸಿದ್ದು ಯಾವ ಕಾಯ್ದೆ? ಶಿಶುನಾಳ ಶರೀಫರು ಕನ್ನಡ ಶಾಲೆಯ ಮಾಸ್ತರರಾಗಿದ್ದ ತಾಲೂಕಿನಲ್ಲಿ, ನನ್ನ ಪಕ್ಕದಲ್ಲಿ ಕುಳಿತ ಮನುಷ್ಯನ ಬಗ್ಗೆ ನಾನೇ ಮೊದಲು ತಪ್ಪು ತಿಳಿದಿದ್ದೆ. ಬಸ್ಸಿನ ತಗಡು ಮತ್ತು ಎಂಜಿನ್ನಿನ ಗದ್ದಲದಲ್ಲಿ ಧಾರವಾಡ ಹಿಡಿಯಲಿಲ್ಲ. ಹಿಡಿದಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಹಿರೇಕೆರೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯ. ಅವನ ಬಳಿ ವಿಂಡೋಸ್ 7ರ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತುಹೋಗಿತ್ತು. ಆದರೂ ಯಾಕೆ ಇಟ್ಟಿದ್ದಾನೆ? ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಹೊಡೆದ ಲಗ್ನಪತ್ರಿಕೆ, ಸ್ಮರಣಸಂಚಿಕೆ, ಕಥೆ, ಕವನಗಳೆಲ್ಲ ಅದರಲ್ಲಿವೆ. ನನ್ನ ಮೊದಲ ಸಂಕಲನದ ಕಥೆಗಳೂ ಅಲ್ಲೇ ಇವೆ. ಅವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಕಾಗೆ ಗುಬ್ಬಿ ಕಾಲಿನ ಗುರುತು ಬರುತ್ತದೆ. ಹೊಸದು ಹಳೆಯದರ ಮಾತನ್ನು ತಿಳಿಯದ ಈ ರೋಗ ರೇಡಿಯೊಗೆ ಮಾತ್ರ ಬಂದದ್ದಲ್ಲ.

ಆ ಹಳೆಯ ಯಂತ್ರ ನನ್ನ ಕೇಬಲ್ಲಿನ ಜಾತಕ ಕೇಳಲಿಲ್ಲ. ಚುಚ್ಚಿದ ಕೂಡಲೇ ಒಪ್ಪಿಕೊಂಡಿತು. ಸಾಫ್ಟ್‌ವೇರ್ ತೆರೆಯಿತು. ಪರದೆಯ ಮೇಲೆ ಎರಡು ಸಣ್ಣ ಚಿತ್ರ. ಎರಡರಲ್ಲೂ ಒಂದು ಕಂಪ್ಯೂಟರ್, ಒಂದು ರೇಡಿಯೊ, ನಡುವೆ ಒಂದು ಬಾಣ. ಒಂದು ಬಾಣ ಆ ಕಡೆ, ಇನ್ನೊಂದು ಈ ಕಡೆ. ಮೊದಲು ರೇಡಿಯೊದಲ್ಲಿ ಇರುವುದನ್ನು ಕಂಪ್ಯೂಟರಿಗೆ ಓದಿಕೊಳ್ಳಬೇಕು, ಆಮೇಲೆ ತಿದ್ದಿ ಮರಳಿ ಬರೆಯಬೇಕು. ನಾನು ಒತ್ತಿದ್ದು ಬರೆಯುವ ಬಾಣ. "ಮುಂದುವರಿಯಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿತು. ಏನು ಅಳಿಸುತ್ತೇನೆ ಎಂದು ಹೇಳಲಿಲ್ಲ. ನಾನು ಹೌದು ಅಂದೆ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಶಾಂತವಾಗಿ ತುಂಬಿಕೊಂಡಿತು. ಕಂಪ್ಯೂಟರಿನ ಖಾಲಿ ಹಾಳೆ ಇಡಿಯಾಗಿ ರೇಡಿಯೊಗೆ ಹೋಗಿ ಕುಳಿತಿತು. ಮೂರು ಭಾನುವಾರ, ಹದಿನಾಲ್ಕು ಸ್ಟೇಶನ್, ಎಲ್ಲವೂ ಸ್ವಚ್ಛ.

ನಾನು ಬರೆದಿಟ್ಟುಕೊಂಡಿದ್ದ ಚೀಟಿ ಹಾನಗಲ್ಲಿನಲ್ಲೇ ಉಳಿದಿತ್ತು. ಅಬ್ಬಾನಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡರೆ ನಕ್ಕರು. "ಕಾಗದ ತಗೊ" ಅಂದರು. ಎದುರಿಗೆ ಏನೂ ಇಲ್ಲದೆ, ಕಣ್ಣೂ ಕಾಣದೆ, ಹದಿನಾಲ್ಕನ್ನೂ ಉರ್ದುವಿನ ಅಂಕಿಗಳಲ್ಲಿ ಒಂದೊಂದಾಗಿ ಹೇಳತೊಡಗಿದರು. ನಾನು ಕೇಳಿ ಹೇಳಿದಂತೆ ಗೆಳೆಯ ಕನ್ನಡದಲ್ಲಿ ಬರೆದುಕೊಂಡ.

ಅದರಲ್ಲೂ ಒಂದು ತೊಡಕು. ಅಬ್ಬಾ ಹೇಳುವುದು ಮೀಟರಿನಲ್ಲಿ, ಸಾಫ್ಟ್‌ವೇರ್ ಕೇಳುವುದು ಮೆಗಾಹರ್ಟ್ಜಿನಲ್ಲಿ. 3,00,000ವನ್ನು ಮೀಟರಿನಿಂದ ಭಾಗಿಸಿದರೆ ಕಿಲೋಹರ್ಟ್ಜ್ ಬರುತ್ತದೆ. ಧಾರವಾಡದ ನಿಲಯ 1950ರ ಜನವರಿ 8ರಂದು ಆರಂಭವಾದದ್ದು. ಅದರ 392.2 ಮೀಟರ್ ಎಂದರೆ 765 ಕಿಲೋಹರ್ಟ್ಜ್ ಎಂಬುದು ನಮ್ಮ ಕಡೆಯ ಕೇಳುಗರಿಗೆ ಬಾಯಿಪಾಠ. ಖುಷಿಯಿಂದ 765 ಎಂದು ಹೊಡೆದೆ. ಅದು 765 ಮೆಗಾಹರ್ಟ್ಜ್ ಎಂದು ತಿಳಿದುಕೊಂಡು ಎಲ್ಲೋ ಆಕಾಶಕ್ಕೆ ಹೋಗಿ ಕುಳಿತಿತು. ದಶಾಂಶ ಹಾಕಿ 0.765 ಎಂದೆ. ಅದು ತಾನಾಗಿ 0.770 ಮಾಡಿಕೊಂಡಿತು. ಎಷ್ಟು ಸಲ ತಿದ್ದಿದರೂ ಅಷ್ಟೇ. ಮಧ್ಯಾಹ್ನವೆಲ್ಲ ತಲೆ ಕೆಟ್ಟ ಮೇಲೆ ಕಾರಣ ತಿಳಿಯಿತು. ಅಮೆರಿಕ ಖಂಡದಲ್ಲಿ ಮೀಡಿಯಂ ವೇವ್ ಸ್ಟೇಶನ್ನುಗಳು 10 ಕಿಲೋಹರ್ಟ್ಜಿಗೊಂದರಂತೆ ನಿಲ್ಲುತ್ತವೆ. ನಮ್ಮಲ್ಲಿ, ಯುರೋಪಿನಲ್ಲಿ, ಆಫ್ರಿಕದಲ್ಲಿ 1975ರ ಜಿನೀವಾ ಒಪ್ಪಂದದ ಪ್ರಕಾರ 1978ರ ನವೆಂಬರಿನಿಂದ 9 ಕಿಲೋಹರ್ಟ್ಜಿಗೊಂದು. 765 ಒಂಬತ್ತರ ಮಗ್ಗಿಯಲ್ಲಿದೆ, ಹತ್ತರ ಮಗ್ಗಿಯಲ್ಲಿಲ್ಲ. ನನ್ನ ಸಾಫ್ಟ್‌ವೇರ್ ಹತ್ತರ ಮಗ್ಗಿ ಮಾತ್ರ ಹೇಳುತ್ತ ಕುಳಿತಿತ್ತು. ಹೆಜ್ಜೆಯ ಅಳತೆ ಬದಲಿಸುವ ಮನೆ ಇನ್ನಾವುದೋ ಪಟ್ಟಿಯ ಒಳಗಿನ ಪಟ್ಟಿಯಲ್ಲಿ ಅಡಗಿತ್ತು.

ಶಾರ್ಟ್ ವೇವಿಗೆ ಬಂದಾಗ ಅಬ್ಬಾ, "ಇಪ್ಪತ್ತೈದು ಮೀಟರಿನ ಎಡಗಡೆ ಮೂಲಿ, ಸ್ವಲ್ಪ ಹಿಂದ" ಅಂದರು. ಎಡಗಡೆಯ ಮೂಲೆಗೆ ಸಾಫ್ಟ್‌ವೇರಿನಲ್ಲಿ ಮನೆ ಇಲ್ಲ. ಅದನ್ನು ಹುಡುಕಿ ಅಂಕಿ ಮಾಡಲು ಇನ್ನೊಂದು ವಾರ ಹಿಡಿಯಿತು.

ಪಟ್ಟಿಯಲ್ಲಿ ಬಿ.ಬಿ.ಸಿ. ಹಿಂದಿ ಇತ್ತು. "ಅಬ್ಬಾ, ಅದು ಶಾರ್ಟ್ ವೇವಿನಲ್ಲಿ ನಿಂತು ಎರಡು ವರ್ಷ ಆಯಿತಲ್ಲ" ಅಂದೆ. 2020ರ ಜನವರಿ 31ಕ್ಕೆ ಅದರ ಕೊನೆಯ ಪ್ರಸಾರವಾಗಿತ್ತು. ಅಬ್ಬಾ ಅದನ್ನೂ ಕೇಳಿದ್ದರು. "ಗೊತ್ತೈತಿ. ಜಗಾ ರಖ್ ದೇ ಬೇಟಾ" ಅಂದರು. ಸಿಲೋನಿಗೂ ಹಾಗೆಯೇ. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಹರಿದುಬರುತ್ತಿದ್ದ ಜಾಗಕ್ಕೂ ಒಂದು ಸಂಖ್ಯೆ ಬೇಕಂತೆ. ಕೊಟ್ಟೆ.

ಇನ್ನು ಹೆಸರು. ಪ್ರತಿ ಸ್ಟೇಶನ್ನಿಗೆ ಆರು ಅಕ್ಷರ, ಇಂಗ್ಲಿಷಿನಲ್ಲಿ ಮಾತ್ರ. ಧಾರವಾಡಕ್ಕೆ ಇಂಗ್ಲಿಷಿನಲ್ಲಿ ಏಳು ಬೇಕು. ಕೊನೆಯ ಡಿ ಹಿಡಿಸದೆ 'ಧಾರವಾ' ಎಂದು ನಿಂತಿತು. ಗೆಳೆಯ ತಮಾಷೆಗೆ ನಮ್ಮ ತಾಲೂಕುಗಳನ್ನೇ ಹೊಡೆದು ನೋಡಿದ. ಸವಣೂರಿಗೆ ಏಳು, ಶಿಗ್ಗಾವಿಗೆ ಎಂಟು, ಹಿರೇಕೆರೂರಿಗೆ ಒಂಬತ್ತು. ಆರರೊಳಗೆ ಹಿಡಿಸಿದ್ದು ಹಾನಗಲ್ಲ ಒಂದೇ. ಕನ್ನಡದಲ್ಲಿ ಎಣಿಸಿದರೆ ಧಾರವಾಡ ನಾಲ್ಕೇ ಅಕ್ಷರ, ಹಿರೇಕೆರೂರು ಐದೇ. ಎಲ್ಲ ಊರೂ ಆರಾಮಾಗಿ ಕೂರುತ್ತಿದ್ದವು, ಒಂದೆರಡು ಜಾಗ ಉಳಿಯುತ್ತಲೂ ಇತ್ತು. ಉರ್ದುವಿನ ಪಕ್ಷ ವಹಿಸಲು ಹೋದರೆ ಅಲ್ಲಿಯೂ ಧಾರವಾಡ ಏಳೇ ಅಕ್ಷರ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಇದರಲ್ಲಿ ಕಂಪನಿಯವರ ಕಷ್ಟವೂ ನನಗೆ ಅರ್ಥವಾಗುತ್ತದೆ. ರೇಡಿಯೊದ ಪುಟ್ಟ ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುವ ಚುಕ್ಕಿಗಳು ಬಹಳ ಕಡಿಮೆ. ಅಷ್ಟರಲ್ಲಿ ನಮ್ಮ ಒತ್ತು, ಕೊಂಬು, ದೀರ್ಘಗಳನ್ನು ತೋರಿಸಲಾಗದು. ಆದರೆ ಕಂಪ್ಯೂಟರಿನ ಪರದೆಗೆ ಆ ಬಡತನ ಇಲ್ಲ. ಕನ್ನಡ 1991ರ ಮೊದಲ ಯುನಿಕೋಡಿನಲ್ಲೇ ಇದೆ. ಪಕ್ಕದಲ್ಲಿ ಒಂದು ಟಿಪ್ಪಣಿಯ ಮನೆ ಇಟ್ಟು, ಅಲ್ಲಿ ನಮ್ಮ ಭಾಷೆಯಲ್ಲಿ ಬರೆದುಕೊಳ್ಳಿ ಎಂದಿದ್ದರೆ ಸಾಕಿತ್ತು. ಅದರಲ್ಲಿ ಕನ್ನಡ ಹೊಡೆದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿದ್ದವು. ಒಂದೊಂದು ಕಂಪನಿಗೂ ಒಂದೊಂದು ಸಾಫ್ಟ್‌ವೇರ್, ಒಂದರ ಪಟ್ಟಿ ಇನ್ನೊಂದಕ್ಕೆ ಬಾರದು. ಇದಕ್ಕೆ ಬೇಸತ್ತೇ ಹವ್ಯಾಸಿಗಳು ಸೇರಿ 'ಚಿರ್ಪ್' ಎಂಬ ಉಚಿತ ಸಾಫ್ಟ್‌ವೇರ್ ಕಟ್ಟಿದ್ದಾರೆ. ಕಂಪನಿಗಳು ಬಿಟ್ಟುಕೊಡದ ಗುಟ್ಟನ್ನು ರೇಡಿಯೊದ ನೆನಪಿನೊಳಗಿನ ಅಂಕಿಗಳನ್ನು ನೋಡಿ ನೋಡಿ ಬಿಡಿಸಿದವರು ಅವರು. ಅಬ್ಬಾ ಅವರನ್ನು ನೋಡಿದ್ದರೆ ತಮ್ಮ ಮೇಜಿನ ಪಕ್ಕ ಸ್ಟೂಲು ಹಾಕಿ ಕೂರಿಸುತ್ತಿದ್ದರು.

ಅಂತೂ ಪಟ್ಟಿ ರೇಡಿಯೊಗೆ ಹೋಯಿತು. ಸವಣೂರಿಗೆ ಒಯ್ದು ಅಬ್ಬಾನ ಕೈಯಲ್ಲಿಟ್ಟೆ. ಅವರಿಗೆ ಇಂಗ್ಲಿಷ್ ಬಾರದು, ಪರದೆಯೂ ಕಾಣದು. ಆ ಆರು ಅಕ್ಷರಕ್ಕಾಗಿ ಮೂರು ತಾಲೂಕು ತಿರುಗಿದ್ದೆ ಎಂದು ಹೇಳುವ ಮನಸ್ಸಾಗಲಿಲ್ಲ. ಗುಂಡಿಯ ಪಕ್ಕ ಒಂದು ಸಣ್ಣ ಬಟ್ಟೆಯ ಪಟ್ಟಿ ಅಂಟಿಸಿದೆ, ಬೆರಳಿಗೆ ತಿಳಿಯಲೆಂದು. ಬೆನ್ನ ಮೇಲೆ ಕಾಗದದ ಪಟ್ಟಿ ಅಂಟಿಸಿ ಹದಿನಾಲ್ಕು ಹೆಸರನ್ನೂ ಮೇಲೆ ಉರ್ದುವಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆದೆ. ಆ ಪಟ್ಟಿ ಅವರಿಗಲ್ಲ, ಮನೆಗೆ ಬಂದು ಹೋಗುವ ಮೊಮ್ಮಕ್ಕಳಿಗೆ ಎಂದರು ಅಬ್ಬಾ. ಒಂದನೆಯ ಗುಂಡಿ ಒತ್ತಿದರು. ಧಾರವಾಡ ಬಂತು. ಏನೂ ಹೇಳಲಿಲ್ಲ. ಯಾರನ್ನೂ ಕರೆಯದೆ ತಾವೇ ಹಾಕಿಕೊಂಡೆವೆಂಬ ಸಮಾಧಾನ ಮುಖದ ಮೇಲಿತ್ತು.

ಆಮೇಲೆ ಇಶಾ ನಮಾಜ್ ಆದ ಮೇಲೆ ಕೆಲವು ರಾತ್ರಿ ನಾನು ಅವರ ಜೊತೆ ಕೂತಿದ್ದೇನೆ. ಸೂರ್ಯ ಮುಳುಗಿದ ಮೇಲೆ ಆಕಾಶದ ಕೆಳಪದರವೊಂದು ಕರಗಿ, ಮೀಡಿಯಂ ವೇವಿನ ದೂರದ ಸ್ಟೇಶನ್ನುಗಳೂ ಬಂದು ತಲುಪುತ್ತವೆ. ದಿಲ್ಲಿಯ ಉರ್ದು ಸರ್ವಿಸ್ ಏರುತ್ತ ಇಳಿಯುತ್ತ ಬರುತ್ತಿತ್ತು. ಅದು ಮುಗಿದ ಮೇಲೆ ಅಬ್ಬಾ ಬಿ.ಬಿ.ಸಿ.ಯ ಸಂಖ್ಯೆಗೆ ಹೋಗುತ್ತಿದ್ದರು. ಅಲ್ಲಿ ಸುಯ್ ಎನ್ನುವ ಗಾಳಿ ಮಾತ್ರ. ಸ್ವಲ್ಪ ಹೊತ್ತು ಅದನ್ನೇ ಕೇಳಿ ಆರಿಸುತ್ತಿದ್ದರು. ರಿಪೇರಿಯವರ ಕಿವಿ. ಸ್ಟೇಶನ್ ಇಲ್ಲದಿರುವುದಕ್ಕೂ ರೇಡಿಯೊ ಕೆಟ್ಟಿರುವುದಕ್ಕೂ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಅಬ್ಬಾ 2024ರಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ರಿಸೀವರ್ ಈಗ ಹಾನಗಲ್ಲಿನಲ್ಲಿ ನನ್ನ ಬರೆಯುವ ಮೇಜಿನ ಮೇಲಿದೆ. ಹಿರೇಕೆರೂರಿನ ಆ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಳೆದ ಮಳೆಗಾಲದಲ್ಲಿ ಕೆಟ್ಟಿತು. ಅದರ ಜೊತೆ ನನ್ನ ಹಳೆಯ ಕಥೆಗಳೂ ಹೋದವು. ಅವು ಪುಸ್ತಕದಲ್ಲಿವೆ, ಚಿಂತೆಯಿಲ್ಲ. ನನ್ನ ಲ್ಯಾಪ್‌ಟಾಪ್ ಇಂದಿಗೂ ಆ ಕೇಬಲ್ಲನ್ನು ಒಪ್ಪುವುದಿಲ್ಲ. ಹೊಸ ಕೇಬಲ್ ತರಿಸಿಕೊಡುತ್ತೇನೆ, ಮಾಮೂ, ಪಟ್ಟಿಯನ್ನು ಹೊಸದು ಮಾಡಿಕೊಳ್ಳಿ, ಸತ್ತ ಸ್ಟೇಶನ್ನುಗಳನ್ನು ತೆಗೆದುಹಾಕಿ ಎಂದು ಅಕ್ಕನ ಮಗ ದಮ್ಮಾಮ್‌ನಿಂದ ಎರಡು ಸಲ ಫೋನ್ ಮಾಡಿದ್ದಾನೆ. ಬೇಡ ಅಂದಿದ್ದೇನೆ.